ಬಲಗಡೆಯಿಂದ ಬಂದ ಧ್ವನಿ

ಹಲ್ಲಣ್ಣನಿಗೆ ಆ ಹೆಸರು ಬಂದದ್ದು ಅವನ ಹಲ್ಲಿನಿಂದಲ್ಲ, ಊರಿನವರ ಹಲ್ಲಿನಿಂದ. ಅವನ ಸ್ವಂತ ಹಲ್ಲುಗಳ ಬಗ್ಗೆ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಮುಂದೆ ಒಂದು ಸಂದು, ಹಿಂದೆ ಒಂದೆರಡು ಕಡೆ ಖಾಲಿ ನಿವೇಶನ. ಆದರೆ ದಂತವೈದ್ಯರ ಆಸ್ಪತ್ರೆಯ ಹಿಂಬದಿಯ ಕಿರಿದಾದ ಕೋಣೆಯಲ್ಲಿ ಕೂತು ಅವನು ಮಾಡಿಕೊಟ್ಟ ಹಲ್ಲಿನ ಸೆಟ್ಟುಗಳು ಊರಿನ ಅರ್ಧದಷ್ಟು ಹಿರಿಯರ ಬಾಯಲ್ಲಿದ್ದವು. ಭಾನುವಾರದ ಆರಾಧನೆಯಲ್ಲಿ ಎಲ್ಲರೂ ಕಣ್ಣು ಮುಚ್ಚಿ ಹಾಡುವಾಗ ಅವನೊಬ್ಬ ಕಣ್ಣು ತೆರೆದುಕೊಂಡು ನಿಂತಿರುತ್ತಿದ್ದ. ಭಕ್ತಿ ಕಡಿಮೆ ಎಂದಲ್ಲ. ಮೇಲಿನ ಸ್ವರ ಹಿಡಿಯುವಾಗ ಯಾರ ಸೆಟ್ಟು ಸಡಿಲವಾಗುತ್ತಿದೆ ಎಂದು ನೋಡಿಕೊಳ್ಳುತ್ತಿದ್ದ, ಅಷ್ಟೇ.

ಅವನ ಕೋಣೆಗೆ ಮೊದಲ ಸಲ ಹೋದವರು ಬೆಚ್ಚುವುದಿತ್ತು. ಗೋಡೆಯುದ್ದಕ್ಕೂ ಹಲಗೆಗಳು, ಹಲಗೆಗಳ ಮೇಲೆ ಸಾಲಾಗಿ ಪ್ಲಾಸ್ಟರಿನ ದವಡೆಗಳು, ಎಲ್ಲವೂ ಬಾಯಿ ತೆರೆದುಕೊಂಡು ಏನೋ ಕೇಳುವಂತೆ ಕೂತಿರುತ್ತಿದ್ದವು. ಮೇಜಿನ ಮೇಲೆ ಮೇಣ ಕರಗಿಸುವ ಸಣ್ಣ ದೀಪ, ಒಸಡಿನ ಬಣ್ಣದ ಪುಡಿಯ ಡಬ್ಬ, ತುದಿಯಲ್ಲಿ ಉಜ್ಜುವ ಮೋಟಾರು. ಆ ಮೋಟಾರಿನ ಮುಂದೆ ಅವನ ಅರ್ಧ ಆಯುಷ್ಯ ಕಳೆದಿತ್ತು. ಮಾತಿನಲ್ಲಿ ಮುಂದಿರುವವನಲ್ಲ. ಬಾಯಿಯ ಒಳಗನ್ನು ಅಷ್ಟು ಬಲ್ಲವನಿಗೆ ಬಾಯಿಂದ ಹೊರಗೆ ಬರುವುದರ ಮೇಲೆ ಹೆಚ್ಚು ಹಿಡಿತವಿರಲಿಲ್ಲ ಎಂಬುದು ಆಮೇಲೆ ತಿಳಿಯಿತು.

ಈ ಹಲ್ಲಣ್ಣ, ಆಸ್ಪತ್ರೆಯಲ್ಲಿ ನರ್ಸಾಗಿದ್ದ ಅವನ ಹೆಂಡತಿ, ಹೈಸ್ಕೂಲು ಓದುತ್ತಿದ್ದ ಮಗಳು, ಮೂವರೂ ಕಡಲಾಚೆಯ ದ್ವೀಪವೊಂದಕ್ಕೆ ಮಿಷನರಿಗಳಾಗಿ ಹೊರಟಿದ್ದರು. ಅಲ್ಲಿಯ ಮಿಷನ್ ಆಸ್ಪತ್ರೆಗೆ ಒಬ್ಬ ನರ್ಸು, ಹಲ್ಲಿನ ಕೆಲಸ ಬಲ್ಲವನೊಬ್ಬ, ನೀರಿನ ಪಂಪು ಕೊಳಾಯಿ ನೋಡಿಕೊಳ್ಳುವವನೊಬ್ಬ ಬೇಕಾಗಿದ್ದರು. ಮೊದಲ ಇಬ್ಬರು ಒಂದೇ ಮನೆಯಲ್ಲಿ ಸಿಕ್ಕಿದ್ದು ದೇವರ ಚಿತ್ತವೇ ಎಂದು ಚರ್ಚಿನ ಸಭೆಯವರೆಲ್ಲ ಮಾತಾಡಿಕೊಂಡರು.

ಮನೆ ಖಾಲಿಯಾಗುತ್ತಿತ್ತು. ಖಾಲಿಯಾಗುತ್ತಿತ್ತು ಎನ್ನುವುದಕ್ಕಿಂತ ಕೈ ಬದಲಾಗುತ್ತಿತ್ತು ಎನ್ನಬೇಕು. ಸಭೆಯವರು ಬಂದು ತಮಗೆ ಬೇಕಾದ ಸಾಮಾನಿಗೆ ತಮ್ಮ ಹೆಸರಿನ ಚೀಟಿಯನ್ನು ಪಿನ್ನಿನಿಂದ ಸಿಕ್ಕಿಸಿ, "ಹೋಗೋ ತನಕ ನೀವೇ ಬಳಸ್ಕೊಳ್ಳಿ, ಅವಸರ ಏನಿಲ್ಲ" ಎಂದು ಔದಾರ್ಯ ತೋರಿಸಿ ಹೋಗುತ್ತಿದ್ದರು. ಮಗಳು ಊಟಕ್ಕೆ ಕೂರುವ ಮೊದಲು ಕುರ್ಚಿಯ ಬೆನ್ನು ಓದಿ, "ಇವತ್ತು ನಾನು ಪೋಸ್ಟ್‌ಮಾಸ್ಟರ್ ಮನೆಯವಳು. ಅಮ್ಮಾ, ನೀನು ಹಾಡಿನ ಮೇಷ್ಟ್ರ ಮೇಲೆ ಕೂತಿದೀಯ" ಎನ್ನುತ್ತಿದ್ದಳು. ಹಲ್ಲಣ್ಣ ನಗುತ್ತಿದ್ದ. ಆದರೆ ಯಾವ ಕುರ್ಚಿಯ ಮೇಲೆ ಕೂತರೂ ಅವನಿಗೆ ಏನೋ ಚುಚ್ಚುತ್ತಿತ್ತು, ಮತ್ತು ಅದು ಚೀಟಿಯ ಗುಂಡುಪಿನ್ನು ಆಗಿರಲಿಲ್ಲ.

ಚುಚ್ಚುತ್ತಿದ್ದದ್ದು ಕರೆ. ದೇವರ ಕರೆ.

ಅದು ಬಂದದ್ದು ಹೀಗೆ. ಒಂದು ಮಧ್ಯಾಹ್ನ ಹೆಂಡತಿ ಡ್ಯೂಟಿ ಮುಗಿಸಿ ಅವನಿಗೆ ಊಟದ ಡಬ್ಬಿ ತಂದುಕೊಟ್ಟು, ಕಿಟಕಿಯ ಪಕ್ಕ ಸ್ಟೂಲಿನ ಮೇಲೆ ಕೂತು ಮಿಷನ್ನಿನ ಪತ್ರಿಕೆ ಓದುತ್ತಿದ್ದಳು. ಓದುತ್ತ ಓದುತ್ತ ತಲೆಯೆತ್ತಿ, "ರೀ, ನಾವು ಹೋದ್ರೆ ಹೇಗೆ?" ಎಂದಳು. ಅವನು ಯಾರದೋ ಕೆಳದವಡೆ ಉಜ್ಜುತ್ತಿದ್ದ. ಸ್ವಲ್ಪ ಹೊತ್ತು ಉಜ್ಜಿ, "ಹೂಂ" ಎಂದ. ಸಂಜೆ ಮನೆಗೆ ಬಂದ ಮೇಲೆ ಅವಳು, "ಮಧ್ಯಾಹ್ನ ಹೂಂ ಅಂದ್ರಲ್ಲ, ಯೋಚನೆ ಮಾಡಿ ಅಂದ್ರಾ?" ಎಂದು ಕೇಳಿದಳು. ಅವನು ಯೋಚನೆ ಮಾಡಿ, ಮತ್ತೆ "ಹೂಂ" ಎಂದ. ಕರೆ ಎಂದರೆ ಇಷ್ಟೇ. ಎರಡು ಹೂಂ.

ಇಷ್ಟಕ್ಕೇ ನಿಂತಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಆದರೆ ಮಿಷನರಿಗಳಾಗಿ ಹೋಗುವವರು ಮೊದಲು ಸುತ್ತಮುತ್ತಲಿನ ಸಭೆಗಳಿಗೆಲ್ಲ ಹೋಗಿ ಸಾಕ್ಷಿ ಹೇಳಬೇಕು. ದೇವರು ತಮ್ಮನ್ನು ಹೇಗೆ ಕರೆದ ಎಂದು ಎಲ್ಲರ ಎದುರು ನಿಂತು ತಿಳಿಸಬೇಕು. ಅದು ಪದ್ಧತಿ. ಹೆಂಡತಿಗೆ ರಜೆ ಸಿಗದೆ ಹಲ್ಲಣ್ಣ ಒಬ್ಬನೇ ಹೋದ.

ಮೊದಲ ಸಭೆ ಚಿಕ್ಕದು. ಬೆಂಚುಗಳಲ್ಲಿ ಕೂತವರೆಲ್ಲ ಮುಂದಕ್ಕೆ ಬಾಗಿದ್ದರು. ದೂರದಿಂದ ನಡೆದು ಬಂದ ಮುದುಕರೊಬ್ಬರು ಕಿವಿಗೆ ಕೈ ಆನಿಸಿಕೊಂಡಿದ್ದರು. ಅವನು ಕೋಣೆಯ ವಿಷಯ ಹೇಳಿದ, ಮೋಟಾರಿನ ವಿಷಯ ಹೇಳಿದ, ಪತ್ರಿಕೆಯ ವಿಷಯ ಹೇಳಿದ. ಹೂಂ ಎನ್ನುವ ಜಾಗ ಬಂದಾಗ ಆ ಮುದುಕರ ಮುಖ ನೋಡಿದ. ಅಷ್ಟು ದೂರ ನಡೆದು ಬಂದ ಮನುಷ್ಯನ ಕೈಗೆ ಬರೀ ಒಂದು ಹೂಂ ಇಟ್ಟು ಕಳಿಸುವುದು ಹೇಗೆ? "ಆಗ ಮೋಟಾರು ತಾನಾಗಿಯೇ ನಿಂತುಹೋಯಿತು" ಎಂದುಬಿಟ್ಟ. ಪೂರ್ತಿ ಸುಳ್ಳೇನಲ್ಲ. ಆ ಮೋಟಾರು ಆಗಾಗ ನಿಲ್ಲುತ್ತಲೇ ಇತ್ತು. ಆ ದಿನ ನಿಂತಿರಲಿಲ್ಲ, ಅಷ್ಟೇ.

ಎರಡನೆಯ ಸಭೆಯಲ್ಲಿ ಮೋಟಾರು ನಿಂತ ಮೇಲೆ ಏನಾಯಿತು ಎಂದು ಜನ ಕಾಯುತ್ತ ಕೂತರು. ಮೋಟಾರನ್ನು ಸುಮ್ಮನೆ ನಿಲ್ಲಿಸಿ ಬರಲಾಗುತ್ತದೆಯೇ? ಅಲ್ಲೊಂದು ಮೌನ ಬಂತು. ಮೂರನೆಯದರಲ್ಲಿ ಮೌನದೊಳಗೆ ಒಂದು ಧ್ವನಿ ಬಂತು. ಆಮೇಲೆ ಆ ಧ್ವನಿ ಅವನನ್ನು ಹೆಸರು ಹಿಡಿದು ಕರೆಯಿತು, ಅದೂ ಎರಡು ಸಲ. ಕಡ್ಡಿ ಗುಡ್ಡವಾಗುವುದನ್ನು ಅವನು ಎದುರಿಗೇ ನಿಂತು ನೋಡಿದ. ವಿಚಿತ್ರವೆಂದರೆ ಧ್ವನಿಯ ಜಾಗ ಬಂದಾಗಲೆಲ್ಲ ಅವನ ಕಣ್ಣಲ್ಲಿ ನೀರು ಬರುತ್ತಿತ್ತು. ಕಣ್ಣೀರು ನಿಜವಾದದ್ದೇ ಆದ ಮೇಲೆ ಧ್ವನಿ ಮಾತ್ರ ಹೇಗೆ ಸುಳ್ಳಾದೀತು ಎಂದು ಅವನಿಗೇ ಅನ್ನಿಸತೊಡಗಿತ್ತು.

ಕೊನೆಗೆ ಸ್ವಂತ ಸಭೆಯಲ್ಲಿ, ಹೆಂಡತಿ ಮಗಳು ಮೊದಲ ಬೆಂಚಿನಲ್ಲಿ ಕೂತಿರುವಾಗ, ಅದೇ ಕಥೆ ಹೇಳಬೇಕಾಯಿತು. ಇಳಿಸಿ ಹೇಳಲು ಆಗಲಿಲ್ಲ. ಬೇರೆ ಸಭೆಗಳಲ್ಲಿ ಕೇಳಿದವರೂ ಬಂದಿದ್ದರು. ಹೆಂಡತಿ ಕೈಯಲ್ಲಿದ್ದ ಕರವಸ್ತ್ರವನ್ನು ಮಡಿಸಿ ಬಿಚ್ಚಿ, ಬಿಚ್ಚಿ ಮಡಿಸಿ ಕೂತಿದ್ದಳು.

ಮನೆ ಬಾಗಿಲ ಬೀಗ ತೆಗೆಯುತ್ತ ಅವಳು ಕೇಳಿದಳು, "ಅಲ್ರೀ, ಆ ಸ್ಟೂಲಿನ ಮೇಲೆ ನಾನು ಕೂತಿದ್ದೆ ಅಂತ ನೆನಪು. ನಾನೆಲ್ಲಿ ಹೋದೆ?"

ಅವನು ಬಗ್ಗಿ ಚಪ್ಪಲಿ ಬಿಚ್ಚತೊಡಗಿದ.

"ಹೋಗ್ಲಿ ಬಿಡಿ. ನನ್ನ ಧ್ವನೀನ ದೇವರ ಧ್ವನಿ ಅಂದ್ರಲ್ಲ, ಮದುವೆ ಆದಾಗಿಂದ ಇಷ್ಟು ಮರ್ಯಾದೆ ಸಿಕ್ಕಿರ್ಲಿಲ್ಲ."

ಮಗಳು ಹಿಂದಿನಿಂದ ಸೇರಿಸಿದಳು, "ಅಪ್ಪಾ, ಇನ್ನೊಂದೆರಡು ಸಭೆ ಇದ್ದಿದ್ರೆ ನಿನ್ನ ಹಲಗೆ ಮೇಲಿನ ದವಡೆಗಳೆಲ್ಲ ಸೇರಿ ಕೋರಸ್ ಹಾಡಿಬಿಡ್ತಿದ್ವು."

ಎಲ್ಲರೂ ನಕ್ಕರು. ಅವನೂ ನಕ್ಕ. ಯಾರಿಗೇನು ನಷ್ಟವಾಯಿತು, ಜನರ ನಂಬಿಕೆ ಗಟ್ಟಿಯಾಯಿತು ತಾನೇ ಎಂದು ಸಮಾಧಾನ ಮಾಡಿಕೊಂಡ. ನಷ್ಟ ಎಲ್ಲಾಗಿತ್ತು ಎಂದು ಅವನಿಗೆ ಇನ್ನೂ ಗೊತ್ತಿರಲಿಲ್ಲ.

ಅವನ ಹೆಂಡತಿಯ ಅಣ್ಣ, ಅಂದರೆ ಅವನ ಭಾವ, ಕೊಳಾಯಿ ಕೆಲಸದವರು. ಅವರ ಹೆಂಡತಿ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಮುಖ್ಯ ಬೀದಿಯ ತಿರುವಿನಲ್ಲಿ ಪೈಪು, ನಲ್ಲಿ, ವಾಷರುಗಳ ಒಂದು ಅಂಗಡಿ. ಮಿಷನರಿಯಾಗಬೇಕೆಂಬ ಹುಚ್ಚು ಹಲ್ಲಣ್ಣನಿಗಿಂತ ಬಹಳ ಮೊದಲೇ ಅವರಿಗಿತ್ತು. ಚಿಕ್ಕವರಿದ್ದಾಗ ತಂಗಿಯನ್ನು ಗೋಡೆಗೆ ಒರಗಿಸಿ ಕೂರಿಸಿ, ಅವಳನ್ನೇ ದ್ವೀಪದ ಜನ ಎಂದು ಭಾವಿಸಿ ಪ್ರಸಂಗ ಮಾಡುತ್ತಿದ್ದರಂತೆ. ದ್ವೀಪದ ಜನ ತೂಕಡಿಸಿದರೆ ತಲೆಗೆ ಮೊಟಕುತ್ತಿದ್ದರಂತೆ. ಈಗ ದ್ವೀಪಕ್ಕೆ ಕೊಳಾಯಿಯವನೊಬ್ಬ ಬೇಕು ಎಂದಾಗ, ಸಭಾಪಾಲಕರು ಬೇರೆ ಯಾರನ್ನೂ ಕೇಳದೆ ನೇರ ಅವರನ್ನೇ ಕೇಳಿದ್ದರು. "ಪ್ರಾರ್ಥನೆ ಮಾಡಿ ಹೇಳ್ತೀನಿ ಅಯ್ಯನವರೇ" ಎಂದಿದ್ದರು ಭಾವ. ಅವರು ಬರುವುದು ಖಚಿತವೆಂದೇ ಎಲ್ಲರೂ ತಿಳಿದಿದ್ದರು. ಮಗಳಂತೂ ಹಡಗಿನಲ್ಲಿ ಮಾವನ ಜೊತೆ ಯಾವ ಯಾವ ಆಟ ಆಡುವುದೆಂದು ತೀರ್ಮಾನಿಸಿಬಿಟ್ಟಿದ್ದಳು.

ಹೊರಡಲು ಇನ್ನು ಸ್ವಲ್ಪವೇ ದಿನ ಇರುವಾಗ, ಟ್ರಂಕಿಗೆ ಕಟ್ಟಲು ಹಗ್ಗ ಕೇಳಿಕೊಂಡು ಬರೋಣವೆಂದು ಹಲ್ಲಣ್ಣ ಭಾವನ ಅಂಗಡಿಗೆ ಹೋದ. ನಡು ಮಧ್ಯಾಹ್ನ. ಬಾಗಿಲು ಅರ್ಧ ಎಳೆದಿತ್ತು. ಬಗ್ಗಿ ಒಳಗೆ ಹೋದರೆ ಸೆಕೆಗೆ ಮುಖ ಉರಿಯಿತು. ಭಾವ ಬೋರಲು ಹಾಕಿದ ಬಕೆಟ್ಟಿನ ಮೇಲೆ, ಮೊಣಕಾಲಿನ ಮೇಲೆ ಎರಡೂ ಕೈಯಿಟ್ಟು, ಬೆವರಿನಲ್ಲಿ ತೊಯ್ದು ಕೂತಿದ್ದರು. ಫ್ಯಾನು ಆರಿಸಿತ್ತು. ಪೈಪು ಕೊರೆಯುವ ಮಷಿನ್ನಿಗೆ ಅರ್ಧ ಕೊರೆದ ಪೈಪು ಸಿಕ್ಕಿಸಿದ್ದು ಹಾಗೇ ಇತ್ತು.

"ಏನ್ ಭಾವ, ಮೈಗೆ ಹುಷಾರಿಲ್ವಾ?"

"ಶ್ಶ್. ಕೂತ್ಕೋ."

ಅವನು ಪೈಪುಗಳ ರಾಶಿಯ ಮೇಲೆ ಕೂತ. ಭಾವ ಸಂಕೋಚದಿಂದಲೇ ವಿಷಯ ಹೇಳಿದರು. ಆ ಭಾನುವಾರದ ಸಾಕ್ಷಿ ಕೇಳಿದಾಗಿನಿಂದ ಅವರು ದಿನವೂ ಹೀಗೆ ಕೂರುತ್ತಿದ್ದರು. ಬೆಳಗಿನಿಂದ ಬಾಯಿಗೆ ಏನೂ ಹಾಕುತ್ತಿರಲಿಲ್ಲ. ಹಲ್ಲಣ್ಣನಿಗೆ ಕೆಲಸದ ನಡುವೆ, ಮೋಟಾರು ನಿಂತಾಗ ಕರೆ ಬಂದಿತ್ತಲ್ಲ, ಹಾಗಾಗಿ ಇವರೂ ಮಷಿನ್ನು ಹಾಕಿ, ಅರ್ಧ ಕೊರೆದು, ನಿಲ್ಲಿಸಿ ಕಾಯುತ್ತಿದ್ದರು. ಮೊದಮೊದಲು ಫ್ಯಾನು ಇರುತ್ತಿತ್ತು. ಅದರ ಸದ್ದಿನಲ್ಲಿ ಧ್ವನಿ ಕೇಳಿಸದೆ ಹೋದರೆ ಎಂದು ಅದನ್ನೂ ಆರಿಸಿದ್ದರು. ಇಷ್ಟು ದಿನಕ್ಕೆ ಪಕ್ಕದ ಅಂಗಡಿಯವನ ಕೆಮ್ಮು ಬಿಟ್ಟು ಬೇರೇನೂ ಕೇಳಿಸಿರಲಿಲ್ಲ.

"ನಾನೇನೋ ತಪ್ಪು ಮಾಡ್ತಿದೀನಿ ಅಂತ ಕಾಣುತ್ತೆ" ಎಂದರು ಭಾವ. "ಅಥವಾ ನಾನು ಅವನಿಗೆ ಬೇಡ. ಎರಡರಲ್ಲಿ ಒಂದು."

ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂಬ ಗಾದೆಯನ್ನು ಹಲ್ಲಣ್ಣ ಗಿರಾಕಿಗಳಿಗೆ ಹೇಳಿ ನಗಿಸುತ್ತಿದ್ದವನು. ಈಗ ಅದೇ ಗಾದೆ ಬಕೆಟ್ಟಿನ ಮೇಲೆ ಕೂತು ಬೆವರುತ್ತಿತ್ತು. ಹೋಗಲು ಹಾತೊರೆಯುವವನಿಗೆ ಕರೆಯಿಲ್ಲ. ಹೂಂ ಎಂದವನಿಗೆ ಎರಡೆರಡು ಸಲ ಹೆಸರು ಹಿಡಿದು ಕರೆ.

"ಒಂದ್ ಮಾತು ಕೇಳ್ತೀನಿ, ಮುಚ್ಚುಮರೆ ಮಾಡ್ದೆ ಹೇಳು" ಎಂದು ಭಾವ ಮುಂದಕ್ಕೆ ಬಾಗಿದರು. "ಆ ಧ್ವನಿ ಎಲ್ಲಿಂದ ಬಂತು? ಮೇಲಿಂದಾನಾ, ಪಕ್ಕದಿಂದಾನಾ?"

ಹೇಳಿಬಿಡಲು ಇದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಇಬ್ಬರೇ ಇದ್ದರು, ಬಾಗಿಲು ಎಳೆದಿತ್ತು, ಕೇಳಿದವರು ಸ್ವಂತ ಭಾವ. ಹಲ್ಲಣ್ಣ ಬಾಯಿ ತೆರೆದ. ಸತ್ಯ ನಾಲಿಗೆಯ ತುದಿಗೇ ಬಂದಿತ್ತು. ಆದರೆ ಹಸಿದ ಆ ಮುಖದಲ್ಲಿ ಅಷ್ಟೊಂದು ಆಸೆಯಿತ್ತು.

"ಬಲಗಡೆಯಿಂದ" ಎಂದ.

ಭಾವ ತಲೆಯಾಡಿಸಿದರು. ಎದ್ದು, ಬಕೆಟ್ಟನ್ನು ಸ್ವಲ್ಪ ತಿರುಗಿಸಿ, ಬಲಗಿವಿ ಕಿಟಕಿಯ ಕಡೆಗೆ ಬರುವಂತೆ ಮತ್ತೆ ಕೂತರು.

ಹಗ್ಗ ಕೇಳುವುದನ್ನು ಮರೆತು ಹಲ್ಲಣ್ಣ ಮನೆಗೆ ಬಂದ.

ಹೆಂಡತಿ ಬಟ್ಟೆ ಮಡಿಸುತ್ತಿದ್ದಳು. ಅವನು ಎಲ್ಲವನ್ನೂ ಹೇಳಿದ, ಬಲಗಡೆಯ ವಿಷಯ ಮಾತ್ರ ಕೊನೆಗೆ, ನೆಲ ನೋಡಿಕೊಂಡು ಹೇಳಿದ. ಅವಳ ಕೈ ನಿಂತಿತು. ಸಭೆಯಲ್ಲಿ ಹೇಳಿದ್ದನ್ನೇನೋ ಜನರ ಮುಲಾಜು ಎನ್ನಬಹುದು, ಬಾಗಿಲು ಹಾಕಿದ ಅಂಗಡಿಯಲ್ಲಿ ಯಾರ ಮುಲಾಜು ಎಂದು ಕೇಳಿದಳು.

"ಈಗಲೇ ಹೋಗಿ ಹೇಳಿ ಬನ್ನಿ."

"ಭಾನುವಾರ ಕಳಿಸಿಕೊಡೋ ಆರಾಧನೆ ಇದೆಯಲ್ಲ. ಎಲ್ಲರ ಮುಂದೇನೇ ಹೇಳಿಬಿಡ್ತೀನಿ. ಸುಳ್ಳು ಎಲ್ಲಿ ಹೇಳಿದ್ನೋ ಅಲ್ಲೇ."

"ಎಲ್ಲರ ಮುಂದೆ ಹೇಳೋದು ಸುಲಭ ಕಣ್ರೀ. ನಿಮಗೆ ಈಗ ಅಭ್ಯಾಸ ಆಗಿದೆ. ನಮ್ಮಣ್ಣನ ಮುಂದೆ ಕೂತು ಹೇಳಿ."

ಅವಳ ಮಾತು ಸರಿ ಎಂದು ಅವನಿಗೆ ಗೊತ್ತಿತ್ತು. ಮರುದಿನ ಹೊರಟ. ತಿರುವಿನವರೆಗೂ ಹೋದ. ಅಂಗಡಿಯ ಬಾಗಿಲು ಅರ್ಧ ಎಳೆದದ್ದು ಕಂಡಿತು. ಒಳಗೆ ಬಲಗಿವಿ ತಿರುಗಿಸಿಕೊಂಡು ಕೂತ ಮನುಷ್ಯ ಕಣ್ಣಿಗೆ ಕಟ್ಟಿದ. ಕಾಲುಗಳು ತಾವಾಗಿಯೇ ವಾಪಸು ತಿರುಗಿದವು. ಆಮೇಲಿನ ದಿನ ಟಿಕೇಟಿನ ಕೆಲಸ, ಅದರ ಮಾರನೆಯ ದಿನ ಚುಚ್ಚುಮದ್ದಿನ ಕೆಲಸ, ಹೀಗೆ ಕಾರಣಗಳು ಒಂದರ ಹಿಂದೊಂದು ಕೈಕಟ್ಟಿ ನಿಂತು ಅವನನ್ನು ಕಾದವು. ನುಂಗಲೂ ಆಗದ, ಉಗುಳಲೂ ಆಗದ ಬಿಸಿ ತುಪ್ಪವನ್ನು ಬಾಯಲ್ಲಿಟ್ಟುಕೊಂಡು ಅವನು ಭಾನುವಾರದವರೆಗೆ ತಳ್ಳಿದ.

ಕಳಿಸಿಕೊಡುವ ಆರಾಧನೆಗೆ ಜನ ಕಿಕ್ಕಿರಿದಿದ್ದರು. ಮೂವರನ್ನೂ ಮುಂದೆ ನಿಲ್ಲಿಸಿದರು. ಭಾವ ತಮ್ಮ ಎಂದಿನ ಜಾಗದಲ್ಲಿ, ಕಂಬದ ಪಕ್ಕ, ಕತ್ತು ಒಂದು ಕಡೆಗೆ ಸ್ವಲ್ಪ ವಾಲಿಸಿಕೊಂಡು ಕೂತಿದ್ದರು. ಸಭಾಪಾಲಕರು ಕೊನೆಯ ಸಾಕ್ಷಿಗಾಗಿ ಹಲ್ಲಣ್ಣನನ್ನು ಕರೆದರು.

ಅವನು ಹೇಳಿದ. ಮೋಟಾರು ನಿಂತಿರಲಿಲ್ಲ ಎಂದ. ಧ್ವನಿ ಬಂದಿರಲಿಲ್ಲ ಎಂದ. ಹೆಂಡತಿ ಕೇಳಿದಳು, ನಾನು ಹೂಂ ಎಂದೆ, ಉಳಿದದ್ದನ್ನೆಲ್ಲ ನಾನೇ ಸೇರಿಸಿದೆ, ಕ್ಷಮಿಸಿ ಎಂದ. ಈ ಸಲ ಕಣ್ಣೀರು ಬರಲಿಲ್ಲ.

ಹಿಂದಿನ ಬೆಂಚಿನಿಂದ ಯಾರೋ "ಸ್ತೋತ್ರ" ಎಂದರು. ಇನ್ನೊಬ್ಬರು "ಆಮೆನ್" ಎಂದರು. ಅವನದೇ ಸೆಟ್ಟು ಹಾಕಿಕೊಂಡಿದ್ದ ಅಜ್ಜಿಯೊಬ್ಬರು ಕಣ್ಣೊರೆಸಿಕೊಂಡು ಪಕ್ಕದವಳಿಗೆ, ಕರೆ ಬಂದವರಿಗೆ ಎಂಥ ವಿನಯ ನೋಡು, ತನ್ನ ಹೆಚ್ಚುಗಾರಿಕೆ ಕಾಣಬಾರದು ಅಂತ ಧ್ವನೀನೇ ಮುಚ್ಚಿಡ್ತಾ ಇದಾನೆ ಎಂದರು. ಸಭಾಪಾಲಕರು ಅವನ ಹೆಗಲ ಮೇಲೆ ಕೈಯಿಟ್ಟು, ಹೆಂಡತಿಯ ಮೂಲಕವೂ ದೇವರು ಮಾತಾಡುತ್ತಾನೆ ಎಂಬ ವಿಷಯದ ಮೇಲೆ ಒಂದು ಚಿಕ್ಕ ಪ್ರಸಂಗವನ್ನೇ ಮಾಡಿಬಿಟ್ಟರು. ಸತ್ಯ ಹೇಳಿ ಹಗುರಾಗುವುದು ಹೋಗಲಿ, ಹಲ್ಲಣ್ಣನ ಕಿರೀಟಕ್ಕೆ ಇನ್ನೊಂದು ಗರಿ ಸೇರಿತು. ಸುಳ್ಳನ್ನು ಹೂಂ ಎಂದು ನುಂಗಿದ ಜನ ಸತ್ಯವನ್ನೂ ಅದೇ ಭಕ್ತಿಯಿಂದ ನುಂಗಿದರು.

ಅವನು ಕಂಬದ ಕಡೆ ನೋಡಿದ. ಭಾವ ಒಬ್ಬರು ಮಾತ್ರ ಆಮೆನ್ ಅನ್ನಲಿಲ್ಲ.

ಆರಾಧನೆ ಮುಗಿದು ಜನ ಕೈಕುಲುಕಿ ಬಿಟ್ಟ ಮೇಲೆ ಅವನು ಸಭಾಪಾಲಕರನ್ನು ಪಕ್ಕಕ್ಕೆ ಕರೆದು, ಭಾವನ ವಿಷಯ ಏನಾಯಿತು ಎಂದು ಕೇಳಿದ. ಅವರು ಬೇಸರದಿಂದ ತಲೆಯಾಡಿಸಿದರು. ನಿನ್ನೆ ಸಂಜೆಯೇ ಬಂದು ಹೇಳಿದರಂತೆ, ನನಗೆ ಕರೆ ಇಲ್ಲ ಅಯ್ಯನವರೇ, ಬೇರೆಯವರನ್ನು ನೋಡಿ ಎಂದು. ಮಿಷನ್ನಿನವರು ಬೇರೆ ಊರಿನ ಒಬ್ಬನನ್ನು ಸಿದ್ಧವಾಗಿ ಇಟ್ಟುಕೊಂಡಿದ್ದರು. ಫೋನು ಮಾಡಿದ ತಕ್ಷಣ ಅವನು ಒಪ್ಪಿಕೊಂಡ. ನಿನ್ನೆ ಸಂಜೆ ಎಂಬ ಮಾತು ಹಲ್ಲಣ್ಣನ ಎದೆಯಲ್ಲಿ ಮೊಳೆಯಂತೆ ಕೂತಿತು. ನಿನ್ನೆ ಬೆಳಗ್ಗೆ ಅವನು ಚುಚ್ಚುಮದ್ದಿನ ನೆಪ ಹೇಳಿಕೊಂಡು ಮನೆಯಲ್ಲಿ ಟ್ರಂಕಿನ ಬೀಗಕ್ಕೆ ಎಣ್ಣೆ ಹಾಕುತ್ತಿದ್ದ.

ಭಾವ ಗೇಟಿನ ಬಳಿ ಸೈಕಲ್ಲಿನ ಬೀಗ ತೆಗೆಯುತ್ತಿದ್ದರು. ಅವನು ಹೋಗಿ ಪಕ್ಕದಲ್ಲಿ ನಿಂತ.

"ಭಾವ, ನಾನು…"

"ಕೇಳಿಸ್ಕೊಂಡೆ. ನನ್ನ ಕಿವಿ ಈಗ ಚುರುಕಾಗಿದೆ."

"ತಪ್ಪಾಯ್ತು."

"ಸಭೇಲಿ ಕಥೆ ಕಟ್ಟಿದ್ದು ಬಿಡು. ನಾಲ್ಕು ಜನ ಸೇರಿದ ಕಡೆ ಎಲ್ರೂ ಕಟ್ತಾರೆ, ಮೀನು ಹಿಡಿದವನೂ ಕಟ್ತಾನೆ. ಆದ್ರೆ ಅಂಗಡೀಲಿ ನಾನು ಎದುರಿಗೆ ಕೂತು ಕೇಳ್ದೆ. ಬಲಗಡೆಯಿಂದ ಅಂದ್ಯಲ್ಲೋ." ಭಾವ ಕತ್ತನ್ನು ಒತ್ತಿಕೊಂಡರು. "ಆವತ್ತಿಂದ ಹೀಗೇ ಕೂತು ಕೂತು ಕತ್ತು ಹಿಡ್ಕೊಂಡಿದೆ. ತಿರುಗಿಸೋಕೆ ಆಗ್ತಿಲ್ಲ."

ಅವನಿಗೆ ನಗು ಬಂತು, ಮತ್ತು ನಗು ಬಂದದ್ದಕ್ಕೆ ತನ್ನ ಮೇಲೆ ಅಸಹ್ಯ ಬಂತು. ಈಗಲೇ ಅಯ್ಯನವರ ಹತ್ತಿರ ಹೋಗಿ ಎಲ್ಲ ವಿವರಿಸುತ್ತೇನೆ, ಮಿಷನ್ನಿನವರಿಗೆ ನಾನೇ ಬರೆಯುತ್ತೇನೆ ಎಂದ.

"ಬೇಡ" ಎಂದರು ಭಾವ. "ಅವನ್ಯಾರೋ ಪಾಪ ಒಪ್ಕೊಂಡಿದಾನೆ. ಮನೇಲಿ ಹೇಳಿಬಿಟ್ಟಿರ್ತಾನೆ. ಅಲ್ದೆ ನೀನು ವಿವರಿಸೋಕೆ ಹೋದ್ರೆ ಇನ್ನೇನಾದ್ರೂ ಸೇರಿಸ್ತೀಯ."

ಅವರು ಸೈಕಲ್ಲು ಹತ್ತಿ, ಕತ್ತು ವಾಲಿಸಿಕೊಂಡೇ ಹೋದರು.

ಹೊರಡುವ ದಿನ ಬೆಳಗ್ಗೆ ವ್ಯಾನು ಬಂತು. ಭಾವ ಬರುತ್ತಾರೋ ಇಲ್ಲವೋ ಎಂದು ಹೆಂಡತಿ ಬಾಗಿಲಿಗೂ ಒಳಗೂ ಓಡಾಡುತ್ತಿದ್ದಳು. ಬಂದರು. ಟ್ರಂಕುಗಳನ್ನು ಎತ್ತಿ ಒಳಗಿಟ್ಟರು, ಹಗ್ಗ ತಂದಿದ್ದರು, ಬಿಗಿದು ಕಟ್ಟಿದರು. ತಂಗಿಯ ಕೈಗೆ ವಾಷರುಗಳ ಒಂದು ಡಬ್ಬಿ ಕೊಟ್ಟು, ಅಲ್ಲಿಗೆ ಬರುವ ಆ ಹುಡುಗನಿಗೆ ಕೊಡು, ದ್ವೀಪದಲ್ಲಿ ಇವೆಲ್ಲ ಸಿಗುತ್ತವೋ ಇಲ್ಲವೋ ಎಂದರು. ಅವಳು ಡಬ್ಬಿಯನ್ನು ಎದೆಗೊತ್ತಿಕೊಂಡು ಅತ್ತಳು. ಮಗಳು, ಎಲ್ಲದಕ್ಕೂ ಒಂದು ಮಾತು ಇಟ್ಟುಕೊಂಡಿರುವವಳು, ಮಾವನ ತೋಳು ಹಿಡಿದು ಸುಮ್ಮನೆ ನಿಂತಳು.

ದೂರ ಹೋಗುವವರಿಗೆ ಮನೆಯ ಹಿರಿಯರು ಪ್ರಾರ್ಥನೆ ಮಾಡಿ ಕಳಿಸಬೇಕು. ಹಿರಿಯರೆಂದರೆ ಭಾವನೇ. ಬರಿದಾದ ಹಜಾರದಲ್ಲಿ ಎಲ್ಲರೂ ಕೈಹಿಡಿದು ನಿಂತರು. ಹಲ್ಲಣ್ಣ ಆ ದಿನ ಕಣ್ಣು ಮುಚ್ಚಿಕೊಂಡ.

ಭಾವ ತಂಗಿಗಾಗಿ ಬೇಡಿಕೊಂಡರು. ಅವಳ ಕೈಗುಣಕ್ಕಾಗಿ, ಅವಳ ಬೆನ್ನುನೋವಿಗಾಗಿ, ರಾತ್ರಿ ಪಾಳಿಯಲ್ಲಿ ಅವಳಿಗೆ ಹೆದರಿಕೆಯಾಗದಿರಲಿ ಎಂದು. ಆಮೇಲೆ ಸೋದರಸೊಸೆಗಾಗಿ, ಅವಳ ಓದಿಗಾಗಿ, ಹೊಸ ಶಾಲೆಯಲ್ಲಿ ಅವಳ ನಾಲಿಗೆಯನ್ನು ಅರ್ಥ ಮಾಡಿಕೊಳ್ಳುವ ಗೆಳತಿಯರು ಸಿಗಲಿ ಎಂದು. ಅಲ್ಲಿಗೆ ನಿಂತರು.

ಹೊರಗೆ ವ್ಯಾನಿನ ಇಂಜಿನ್ನು ಗುರುಗುಡುತ್ತಿತ್ತು. ಅದೂ ಆರಿದರೆ ಚೆನ್ನಾಗಿತ್ತು ಎಂದುಕೊಂಡ ಹಲ್ಲಣ್ಣ. ಒಂದು ಮಾತು ತಪ್ಪಿಹೋಗಬಾರದಲ್ಲ ಎಂದು ಉಸಿರು ಹಿಡಿದು ನಿಂತ. ಭಾವನ ಕೈ ಅವನ ಕೈಯೊಳಗೇ ಇತ್ತು, ಬಿಗಿಯಾಗಿಯೂ ಇಲ್ಲ, ಸಡಿಲವಾಗಿಯೂ ಇಲ್ಲ.

"ಇವನೂ ಹೋಗ್ತಾ ಇದಾನೆ, ಕರ್ತನೇ" ಎಂದರು ಭಾವ ಕೊನೆಗೆ. "ಇವನ ವಿಷಯ ನಿನಗೆ ಗೊತ್ತು. ಆಮೆನ್."

ಎಲ್ಲರೂ ಆಮೆನ್ ಎಂದರು. ಹಲ್ಲಣ್ಣನ ಬಾಯಿ ತೆರೆಯಿತು, ಆದರೆ ಏನೂ ಹೊರಡಲಿಲ್ಲ. ಮಗಳು ಅಂಗಿಯ ತೋಳು ಹಿಡಿದು ಎಳೆದಳು. ಅವನು ಹೋಗಿ ವ್ಯಾನಿನಲ್ಲಿ ಕೂತ.